ಜೆಲ್ಡಾ ಜಗಳ, ಕಂಟ್ರೋಲರ್ ಪಂಚಾಯಿತಿ

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಪ್ರಶ್ನೆ ಎಸೆದಿದ್ದೆವು: ‘ನಿಂಟೆಂಡೊ ಕಂಪನಿಯ ಜೆಲ್ಡಾ ವಿಡಿಯೋ ಗೇಮ್ ಸರಣಿಯಲ್ಲಿ ಯಾವ ಆಟ ಮೇಲು, ಆಡೋಕೆ ಯಾವ ಕಂಟ್ರೋಲರ್ ಸರಿ?’ ಬಂದ ಪತ್ರ ನೋಡಿದರೆ ಇದು ಪ್ರಶ್ನೆಯಲ್ಲ, ಬೆಂಕಿಪೊಟ್ಟಣ. ಅರ್ಧ ಜನ ಆಟದ ಬಗ್ಗೆ ಜಗಳ ತೆಗೆದಿದ್ದಾರೆ, ಇನ್ನರ್ಧ ಜನ ಬಟನ್ ಬಗ್ಗೆ. ಎರಡನ್ನೂ ಬೇರೆ ಬೇರೆ ಇಡೋಣ ಅಂದುಕೊಂಡೆ, ಆಗಲಿಲ್ಲ. ಯಾವ ಆಟ ಇಷ್ಟ ಅಂತ ಬರೆದವರ ಪತ್ರದ ನಾಲ್ಕನೇ ಸಾಲಿಗೆ ಕಂಟ್ರೋಲರ್ ಬಂದೇ ಬರುತ್ತದೆ. ಆರಿಸಿದ ಕೆಲವು ಪತ್ರಗಳು ಇಲ್ಲಿವೆ.

ಪ್ರಶ್ನೆ: ಅಣ್ಣ ‘ಓಕರೀನಾ ಆಫ್ ಟೈಮ್’ ಮುಂದೆ ಯಾವ ಆಟವೂ ಇಲ್ಲ ಅಂತಾನೆ. ನನಗೆ ‘ಬ್ರೆತ್ ಆಫ್ ದಿ ವೈಲ್ಡ್’ ಬಿಟ್ಟರೆ ಬೇರೆ ಬೇಡ. ಅವನ ಕಾಟ ತಡೆಯಲಾರದೆ ನಿಂಟೆಂಡೊದ ಸ್ವಿಚ್ ಯಂತ್ರದಲ್ಲಿ ಓಕರೀನಾ ಹಾಕಿ ನೋಡಿದೆ, ಅರ್ಧ ಗಂಟೆಗೇ ಸಾಕಾಯ್ತು. ಯಾರು ಸರಿ?
– ತಮ್ಮನಾಗಿ ಹುಟ್ಟಿದವನು

ಉತ್ತರ: ನಿಮಗೆ ಸಾಕಾಗಿದ್ದು ಆಟದಿಂದಲ್ಲ ಅನ್ನೋದು ನನ್ನ ಅನುಮಾನ. ಓಕರೀನಾ ಬಂದಿದ್ದು 1998ರಲ್ಲಿ, ನಿಂಟೆಂಡೊ 64 ಅನ್ನೋ ಹಳೇ ಗೇಮ್ ಯಂತ್ರಕ್ಕೆ. ಆ ಕಂಟ್ರೋಲರ್‌ಗೆ ಮೂರು ಹಿಡಿಗಳು. ಹೆಬ್ಬೆರಳಿನಿಂದ ತಳ್ಳುವ ಸ್ಟಿಕ್ ಒಂದೇ, ಅದು ನಡುವಿನ ಹಿಡಿಯಲ್ಲಿ. ಅದೇ ಹಿಡಿಯ ಬೆನ್ನಿಗೆ, ತೋರುಬೆರಳು ತಾನಾಗಿ ಹೋಗಿ ಕೂರುವ ಜಾಗದಲ್ಲಿ, ಜೆಡ್ ಬಟನ್. ಬಲಗಡೆ ಹಳದಿ ಬಣ್ಣದ ನಾಲ್ಕು ಸಿ ಬಟನ್. ಆ ಆಟವನ್ನು ಈ ಬಟನ್‌ಗಳಿಗೆ ಅಳತೆ ಕೊಟ್ಟು ಹೊಲಿದಿದ್ದಾರೆ.

ಸ್ವಿಚ್‌ನಲ್ಲಿ ಆ ಸಿ ಬಟನ್‌ಗಳ ಕೆಲಸ ಬಲಗಡೆಯ ಸ್ಟಿಕ್‌ಗೆ ಹೋಗಿದೆ. ಈಗ ನೀವು ಏನು ಮಾಡಿರುತ್ತೀರಿ ಅಂತ ನಾನೇ ಹೇಳ್ತೀನಿ. ಬ್ರೆತ್ ಆಫ್ ದಿ ವೈಲ್ಡ್ ಆಡಿ ಅಭ್ಯಾಸವಾದ ಹೆಬ್ಬೆರಳು, ಸುತ್ತಮುತ್ತ ನೋಡೋಣ ಅಂತ ಬಲ ಸ್ಟಿಕ್ ತಳ್ಳಿರುತ್ತದೆ. ಕ್ಯಾಮೆರಾ ಅಲ್ಲಾಡುವ ಬದಲು ಆಟದ ನಾಯಕ ಲಿಂಕ್ ಜೇಬಿನಿಂದ ಕವಣೆ ತೆಗೆದಿರುತ್ತಾನೆ. ಹೌದಲ್ವಾ? ಓಕರೀನಾದಲ್ಲಿ ಕ್ಯಾಮೆರಾ ನಿಮ್ಮ ಕೈಯಲ್ಲಿಲ್ಲ. ಜೆಡ್ ಒತ್ತಿದರೆ ಅದು ಲಿಂಕ್ ಬೆನ್ನ ಹಿಂದೆ ಬಂದು ನಿಲ್ಲುತ್ತದೆ, ಶತ್ರು ಎದುರಿಗಿದ್ದರೆ ಅವನ ಮೇಲೆ ಕಣ್ಣು ನೆಡುತ್ತದೆ, ಆಮೇಲೆ ನೀವು ಅವನ ಸುತ್ತ ಸುತ್ತಬಹುದು, ಹಿಂದಕ್ಕೆ ಲಾಗ ಹಾಕಬಹುದು, ಅವನು ಮಾತ್ರ ಕಣ್ಣು ತಪ್ಪಿಸಿ ಹೋಗಲಾರ. ಈ ಉಪಾಯಕ್ಕೆ ಒಂದು ಕಥೆಯಿದೆ. ಆಟ ಮಾಡುತ್ತಿದ್ದ ತಂಡದವರು ಕ್ಯೋಟೋದ ಒಂದು ಸಿನಿಮಾ ಪಾರ್ಕಿಗೆ ಹೋಗಿ ಕತ್ತಿವರಸೆಯ ಪ್ರದರ್ಶನ ನೋಡಿದರು. ಅಲ್ಲಿ ಒಬ್ಬ ವೀರನ ಸುತ್ತ ಹತ್ತಾರು ಜನ ನಿಂತಿದ್ದರೂ ಮೈಮೇಲೆ ಬೀಳುವುದು ಒಬ್ಬೊಬ್ಬರೇ. ಒಬ್ಬ ಹೊಡೆದಾಡುವಾಗ ಉಳಿದವರು ಕತ್ತಿ ಝಳಪಿಸುತ್ತಾ ಕಾಯುತ್ತಾರೆ. ಅದನ್ನೇ ಆಟಕ್ಕೆ ತಂದರು. ಇವತ್ತು ಕತ್ತಿ ಹಿಡಿದು ಆಡುವ ಮುಕ್ಕಾಲು ಪಾಲು 3ಡಿ ಆಟಗಳಲ್ಲಿ ಇದೇ ವ್ಯವಸ್ಥೆ ಬೇರೆ ಹೆಸರಲ್ಲಿ ಇದೆ.

ಹಾಡುಗಳ ವಿಷಯವೂ ಹಾಗೇ. ಲಿಂಕ್ ಊದುವ ಓಕರೀನಾ ಅನ್ನೋ ವಾದ್ಯಕ್ಕೆ ಐದು ಸ್ವರ: ನಾಲ್ಕು ಸಿ ಬಟನ್, ಜೊತೆಗೆ ಎ. ಜೆಲ್ಡಾಳ ಜೋಗುಳ ಅಂದರೆ ಎಡ, ಮೇಲೆ, ಬಲ, ಮತ್ತೆ ಎಡ, ಮೇಲೆ, ಬಲ. ನಿಮ್ಮ ಅಣ್ಣನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿ, ಬಾಯಲ್ಲಿ ಹೇಳೋಕೆ ಬರದಿದ್ದರೂ ಹೆಬ್ಬೆರಳು ಒತ್ತಿ ತೋರಿಸುತ್ತದೆ. ಸ್ಟಿಕ್ ತಳ್ಳಿ ಅದೇ ಹಾಡು ನುಡಿಸಿದರೆ ಅರ್ಧ ಮಜಾ ಹೋಯ್ತು. ಸ್ವಿಚ್‌ಗೇ ಅಂತ ಹಳೇ ಆಕಾರದ ಮೂರು ಹಿಡಿಯ ಕಂಟ್ರೋಲರನ್ನು 2021ರಲ್ಲಿ ಮತ್ತೆ ತಂದಿದ್ದಾರೆ. ಎಲ್ಲಾದರೂ ಸಿಕ್ಕರೆ ಒಂದು ದಿನ ಎರವಲು ತಂದು ಆಡಿ ನೋಡಿ, ಆಮೇಲೆ ಅಣ್ಣನ ಜೊತೆ ಜಗಳಕ್ಕೆ ಕೂರಿ.

ತೀರ್ಪು ಬೇಕೇ ಬೇಕು ಅಂದರೆ: ಡಂಜನ್‌ಗಳಲ್ಲಿ, ಅಂದರೆ ಒಗಟು, ಶತ್ರು ತುಂಬಿದ ಕೋಟೆ-ಗುಹೆಗಳಲ್ಲಿ, ಓಕರೀನಾ ಗೆಲ್ಲುತ್ತದೆ. ಬ್ರೆತ್ ಆಫ್ ದಿ ವೈಲ್ಡ್‌ನ ನಾಲ್ಕು ದೈತ್ಯ ಯಂತ್ರಗಳು ಒಳಗೆ ಹೋದರೆ ಒಂದೇ ಥರ ಕಾಣುತ್ತವೆ, ಇದನ್ನು ಅದರ ಅಭಿಮಾನಿಗಳೂ ಒಪ್ಪುತ್ತಾರೆ. ಆದರೆ ಸುಮ್ನೆ ಗುರಿಯಿಲ್ಲದೆ ಅಲೆಯೋ ಸುಖ, ಎದುರಿಗೆ ಕಂಡ ಬೆಟ್ಟವನ್ನು ಏನೂ ಕೇಳದೆ ಹತ್ತಿಬಿಡೋ ಸುಖ ನಿಮ್ಮ ಆಟದ್ದೇ. ನನ್ನ ಓಟು ನಿಮಗೆ. ಅಣ್ಣನಿಗೆ ಈ ಪುಟ ತೋರಿಸಬೇಡಿ.

ಪ್ರಶ್ನೆ: ಹಸಿರು ಅಂಗಿಯ ಹುಡುಗನನ್ನು ಜೆಲ್ಡಾ ಅಂದಿದ್ದಕ್ಕೆ ಗೆಳೆಯರೆಲ್ಲ ಮೈಮೇಲೆ ಬಿದ್ದರು. ಅಷ್ಟು ದೊಡ್ಡ ಅಪರಾಧವೇ?
– ಹೊಸಬ

ಉತ್ತರ: ಹುಡುಗ ಲಿಂಕ್, ರಾಜಕುಮಾರಿ ಜೆಲ್ಡಾ. ಬಹಳ ವರ್ಷ ನಾವು ಆಡಿಸಿದ್ದು ಅವನನ್ನು, ಆಟದ ಹೆಸರು ಮಾತ್ರ ಅವಳದು. 2024ರ ‘ಎಕೋಸ್ ಆಫ್ ವಿಸ್ಡಮ್’ನಲ್ಲಿ ಕೊನೆಗೂ ಜೆಲ್ಡಾಳೇ ನಾಯಕಿ. ಮುಂದಿನ ಸಲ ಯಾರಾದರೂ ನಕ್ಕರೆ ‘ನಾನು ಆ ಆಟದ ಬಗ್ಗೆ ಹೇಳ್ತಿದ್ದೆ’ ಅಂದುಬಿಡಿ.

ಪ್ರಶ್ನೆ: ನಾನು ಎಡಚ. ಶಾಲೆಯಲ್ಲಿ ಕತ್ತರಿಯಿಂದ ಹಿಡಿದು ಡೆಸ್ಕಿನವರೆಗೆ ಎಲ್ಲವೂ ಬಲಗೈಯವರಿಗೇ ಇದ್ದಾಗ, ಲಿಂಕ್ ಕೂಡ ಎಡಗೈಯಲ್ಲಿ ಕತ್ತಿ ಹಿಡೀತಾನೆ ಅನ್ನೋದೇ ಒಂದು ಸಮಾಧಾನವಾಗಿತ್ತು. ಈಗ ಅವನೂ ಬಲಗೈಗೆ ಹೋದ. ಯಾರು ಮಾಡಿದ ಕೆಲಸ ಇದು?
– ಎಡಗೈ ಪಕ್ಷ

ಉತ್ತರ: ಕಂಟ್ರೋಲರ್ ಮಾಡಿದ ಕೆಲಸ. ‘ಟ್ವೈಲೈಟ್ ಪ್ರಿನ್ಸೆಸ್’ ಆಟವನ್ನು ಮೊದಲು ನಿಂಟೆಂಡೊದ ಗೇಮ್‌ಕ್ಯೂಬ್ ಯಂತ್ರಕ್ಕೆ ಅಂತ ಮಾಡುತ್ತಿದ್ದರು, ಅದರಲ್ಲಿ ಲಿಂಕ್ ಎಡಚನೇ. ಅಷ್ಟರಲ್ಲಿ ಅವರದೇ ಮುಂದಿನ ಯಂತ್ರ ವೀ ಬಂತು. ವೀ ರಿಮೋಟ್ ಬೀಸಿದರೆ ಕತ್ತಿ ಬೀಸಬೇಕು, ಜಾಸ್ತಿ ಜನ ಅದನ್ನು ಹಿಡಿಯುವುದು ಬಲಗೈಯಲ್ಲಿ. ತೆರೆಯ ಮೇಲೆ ಕತ್ತಿ ಎಡಗೈಯಲ್ಲಿದ್ದರೆ ಕಣ್ಣಿಗೂ ಕೈಗೂ ಹೊಂದಿಕೆಯಾಗಲ್ಲ. ಲಿಂಕ್‌ನ ಕೈ ಮಾತ್ರ ಬದಲಿಸೋದು ದೊಡ್ಡ ಕೆಲಸ, ಅದಕ್ಕೆ ಅವರು ಇಡೀ ಲೋಕವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕಿದರು! 2006ರಲ್ಲಿ ಎರಡೂ ಆವೃತ್ತಿ ಒಂದು ತಿಂಗಳ ಅಂತರದಲ್ಲಿ ಬಂದವು. ಒಂದರಲ್ಲಿ ಊರಿನ ಪೂರ್ವಕ್ಕಿದ್ದದ್ದು ಇನ್ನೊಂದರಲ್ಲಿ ಪಶ್ಚಿಮಕ್ಕೆ. ಗೇಮ್‌ಕ್ಯೂಬ್ ಆಡಿದವರು ‘ಎಡಕ್ಕೆ ತಿರುಗು’ ಅಂದರೆ ವೀ ಆಡುವವರು ಬಲಕ್ಕೆ ತಿರುಗಬೇಕು. ಫೋನಿನಲ್ಲಿ ದಾರಿ ಹೇಳಿ ಎಷ್ಟು ಸ್ನೇಹ ಮುರಿದವೋ.

2011ರ ‘ಸ್ಕೈವರ್ಡ್ ಸೋರ್ಡ್’ ಶುರುವಿನಿಂದಲೇ ಕೈ ಬೀಸಿ ಆಡುವ ಆಟ, ಹಾಗಾಗಿ ಅಲ್ಲಿ ಲಿಂಕ್ ಹುಟ್ಟಾ ಬಲಗೈಯವನು. ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಬೀಸೋ ಅಗತ್ಯ ಇಲ್ಲದಿದ್ದರೂ ಅವನು ಹಾಗೇ ಉಳಿದುಬಿಟ್ಟ. ಇದು ನನಗೂ ಒಪ್ಪಿಗೆಯಿಲ್ಲ. ನಿಮ್ಮ ಎಡಚ ಲಿಂಕ್ ಬೇಕಿದ್ದರೆ ವೀ ನಂತರದ ‘ವೀ ಯು’ ಯಂತ್ರಕ್ಕೆ 2016ರಲ್ಲಿ ಬಂದ ಟ್ವೈಲೈಟ್ ಪ್ರಿನ್ಸೆಸ್ ಎಚ್‌ಡಿ ಹುಡುಕಿ, ಅದರಲ್ಲಿ ಗೇಮ್‌ಕ್ಯೂಬ್ ಲೋಕವನ್ನೇ ಇಟ್ಟಿದ್ದಾರೆ. ಹೀರೋ ಮೋಡ್ ಅನ್ನೋ ಕಷ್ಟದ ಆಯ್ಕೆ ಮಾತ್ರ ಆರಿಸಬೇಡಿ, ಅಲ್ಲಿ ಮತ್ತೆ ಕನ್ನಡಿ.

ಪ್ರಶ್ನೆ: ಸ್ಕೈವರ್ಡ್ ಸೋರ್ಡನ್ನು ನಾನು ಬಟನ್‌ನಲ್ಲಿ ಆಡ್ತೀನಿ. ನನ್ನ ಗೆಳತಿ ‘ಅದು ಆಟವೇ ಅಲ್ಲ, ಕೈ ಬೀಸದವರು ಮೋಸಗಾರರು’ ಅಂತಾಳೆ. ನನಗೆ ಬೀಸಿದರೆ ಕತ್ತಿ ಎಲ್ಲೆಲ್ಲಿಗೋ ಹೋಗುತ್ತದೆ.
– ಸೋಫಾ ಬಿಟ್ಟೇಳದವಳು

ಉತ್ತರ: ಮೋಸ ಏನೂ ಇಲ್ಲ. 2021ರಲ್ಲಿ ಸ್ವಿಚ್‌ಗೆ ಬಂದಾಗ ಮಾಡಿದವರೇ ಬಟನ್ ದಾರಿ ಕೊಟ್ಟರು: ಬಲ ಸ್ಟಿಕ್ಕನ್ನು ಯಾವ ದಿಕ್ಕಿಗೆ ತಳ್ಳಿದರೆ ಆ ದಿಕ್ಕಿಗೆ ಏಟು. ಅದಕ್ಕೆ ಬೆಲೆಯೂ ತೆರಬೇಕು, ಕ್ಯಾಮೆರಾ ತಿರುಗಿಸಬೇಕಾದರೆ ಎಲ್ ಬಟನ್ ಒತ್ತಿ ಹಿಡೀಬೇಕು. ನನಗೆ ಅದು ಇವತ್ತಿಗೂ ಕಿರಿಕಿರಿ.

ಆದರೆ ಬೀಸೋದನ್ನು ಇಷ್ಟು ಬೇಗ ಬಿಡಬೇಡಿ. ಜನ ಮಾಡೋ ಎಡವಟ್ಟು ಸಾಮಾನ್ಯವಾಗಿ ಒಂದೇ. ಈ ಆಟದಲ್ಲಿ ಯಾವ ಕಡೆಯಿಂದ ಕಡೀತೀರಿ ಅನ್ನೋದೇ ಮುಖ್ಯ. ಬಾಯಿ ಅಡ್ಡಕ್ಕೆ ತೆರೆಯುವ ಗಿಡಕ್ಕೆ ಅಡ್ಡ ಏಟು, ಉದ್ದಕ್ಕೆ ತೆರೆಯುವುದಕ್ಕೆ ಉದ್ದ ಏಟು. ನೀವು ಬಲದಿಂದ ಎಡಕ್ಕೆ ಹೊಡೀಬೇಕು ಅಂತ ಇಟ್ಟುಕೊಳ್ಳಿ. ಕೈ ಎಡಗಡೆ ಇದೆ. ಹೊಡೆಯೋಕೆ ಮೊದಲು ಅದನ್ನು ರಪ್ಪನೆ ಬಲಗಡೆ ತರ್ತೀರಿ. ಆಟ ಆ ತರೋದನ್ನೇ ಏಟು ಅಂತ ಎಣಿಸಿಬಿಡುತ್ತದೆ! ಶತ್ರು ತಡೀತಾನೆ, ನಿಮಗೆ ಸಿಟ್ಟು. ಅದಕ್ಕೆ ಕೈಯನ್ನು ನಿಧಾನವಾಗಿ ಸರಿಸಿ ಜಾಗಕ್ಕೆ ತನ್ನಿ, ಆಮೇಲೆ ಮಣಿಕಟ್ಟಿನಿಂದ ಚುಟುಕಾಗಿ ಬೀಸಿ. ತೋಳು ಪೂರ್ತಿ ತಿರುಗಿಸೋದು ಬೇಡ. ಇನ್ನೊಂದು ಮಾತು, ಒಳಗಿರುವ ಗೈರೋ ಸೆನ್ಸರ್ ಅಳೆಯುವುದು ಎಷ್ಟು ತಿರುಗಿದಿರಿ ಅನ್ನೋದನ್ನು, ನಿಜವಾಗಿ ಯಾವ ಕಡೆ ಮುಖ ಮಾಡಿದ್ದೀರಿ ಅನ್ನೋದನ್ನಲ್ಲ. ಸಣ್ಣ ಸಣ್ಣ ತಪ್ಪು ಕೂಡಿ ಕೂಡಿ ಸ್ವಲ್ಪ ಹೊತ್ತಿಗೆ ಕತ್ತಿಯ ತುದಿ ಎತ್ತಲೋ ಹೋಗಿರುತ್ತದೆ. ಟಿವಿಯ ಮಧ್ಯಕ್ಕೆ ತೋರಿಸಿ ಸರಿಪಡಿಸುವ ಬಟನ್ ಕೊಟ್ಟಿದ್ದಾರೆ, ಅದನ್ನು ಒತ್ತಿ ಒತ್ತಿ ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಬ್ರೆತ್ ಆಫ್ ದಿ ವೈಲ್ಡ್‌ನಲ್ಲಿ ಹಟೆನೋ ಹಳ್ಳಿಯ ಹತ್ತಿರದ ಒಂದು ಶ್ರೈನ್‌ನಲ್ಲಿ (ಒಗಟಿನ ಗುಡಿಯಲ್ಲಿ) ಕಂಟ್ರೋಲರ್ ವಾಲಿಸಿ ಚೆಂಡು ಉರುಳಿಸಬೇಕು. ಚೆಂಡು ಬೀಳುತ್ತಲೇ ಇದೆ. ಕಂಟ್ರೋಲರ್ ಎಸೆಯೋದೊಂದು ಬಾಕಿ.
– ತಾಳ್ಮೆ ಕೆಟ್ಟವಳು

ಉತ್ತರ: ಎಸೀಬೇಡಿ, ಬೋರಲು ಹಾಕಿ. ಮಿಯಾಮ್ ಅಗಾನಾ ಅನ್ನೋ ಶ್ರೈನ್ ಅದು. ನೀವು ವಾಲಿಸುತ್ತಿರುವ ಹಲಗೆಯ ಮೇಲ್ಭಾಗದಲ್ಲಿ ಗೋಡೆಗಳ ಸಿಕ್ಕು ಇದೆ, ಕೆಳಭಾಗ ಸಪಾಟು. ಕಂಟ್ರೋಲರನ್ನು ಪೂರ್ತಿ ಮಗುಚಿ ಹಿಡಿದರೆ ಹಲಗೆಯೂ ಮಗುಚಿಕೊಳ್ಳುತ್ತದೆ. ಮೇಲಿಂದ ಹೊಸ ಚೆಂಡು ಸಪಾಟು ನೆಲದ ಮೇಲೆ ಬೀಳುತ್ತದೆ. ಈಗ ಸ್ವಲ್ಪ ಓಲಿಸಿ, ಚೆಂಡನ್ನು ಆಚೆಯ ಇಳಿಜಾರಿಗೆ ಜಾರಿಸಿ. ಕೆಲವರು ಹಲಗೆಯಿಂದ ಚೆಂಡನ್ನು ಪುಟಿಸಿಯೇ ದಾಟಿಸುತ್ತಾರೆ. ಇದು ಮೋಸ ಅಂತ ಒಂದು ಬಣ, ಬುದ್ಧಿವಂತಿಕೆ ಅಂತ ಇನ್ನೊಂದು ಬಣ. ನಾನು ಎರಡನೇ ಬಣ. ಒಳ್ಳೆ ದಾರಿ ಬಿಟ್ಟು ಗೋಡೆ ಹತ್ತೋದೇ ಈ ಆಟದ ಸ್ವಭಾವ ಅಂದಮೇಲೆ ಇಲ್ಲಿ ಮಾತ್ರ ಮಡಿ ಯಾಕೆ?

ಪ್ರಶ್ನೆ: ನಾನು ಸ್ಟಿಕ್ ಮುಟ್ಟದೆ ಇದ್ದರೂ ಲಿಂಕ್ ಮೆಲ್ಲಗೆ ನಡೆದು ಹೋಗಿ ಬಂಡೆಯಿಂದ ಬೀಳುತ್ತಾನೆ. ಹೊಸ ಕಂಟ್ರೋಲರ್ ತೆಗೆದುಕೊಳ್ಳಬೇಕಾ? ಹಾಲ್ ಎಫೆಕ್ಟ್ ಅಂತ ಎಲ್ಲರೂ ಹೇಳ್ತಾರೆ, ಅದೇನು?
– ಬಂಡೆಯ ತುದಿಯಿಂದ

ಉತ್ತರ: ಇದು ಡ್ರಿಫ್ಟ್. ಮಾಮೂಲಿ ಸ್ಟಿಕ್ಕಿನೊಳಗೆ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಇಂಗಾಲದ ಪಟ್ಟಿಯ ಮೇಲೆ ಸಣ್ಣ ಲೋಹದ ನಾಲಿಗೆ ಉಜ್ಜುತ್ತಾ ಹೋಗುತ್ತದೆ, ಅದು ಎಲ್ಲಿದೆ ಅನ್ನೋದರ ಮೇಲೆ ಸ್ಟಿಕ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಗರಗರ ಅನ್ನುತ್ತಿತ್ತಲ್ಲ, ಅದರೊಳಗೂ ಇದೇ ಭಾಗ, ಇದೇ ರೋಗ. ಪಟ್ಟಿ ಸವೆಯುತ್ತದೆ, ಪುಡಿ ಸೇರುತ್ತದೆ, ಬೆರಳು ಬಿಟ್ಟರೂ ‘ಸ್ವಲ್ಪ ಎಡಕ್ಕಿದ್ದೀನಿ’ ಅಂತ ಸುಳ್ಳು ಹೇಳುತ್ತದೆ.

ದುಡ್ಡು ಬಿಚ್ಚೋಕೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ. ಆಮೇಲೆ ಸ್ಟಿಕ್ಕಿನ ಬುಡಕ್ಕೆ ಗಾಳಿ ಊದಿ ಧೂಳು ತೆಗೆಯಿರಿ, ಬಾಯಿಂದ ಬೇಡ, ಎಂಜಲು ಸೇರುತ್ತದೆ. ಡೆಡ್‌ಝೋನ್ ಹೆಚ್ಚಿಸುವ ಅವಕಾಶ ಇದ್ದರೆ ಹೆಚ್ಚಿಸಿ, ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸವೆತವೇ ಕಾರಣವಾಗಿದ್ದರೆ ಇವೆಲ್ಲ ಕೆಲವು ವಾರದ ಉಪಶಮನ ಅಷ್ಟೆ.

ಹಾಲ್ ಎಫೆಕ್ಟ್ ಸ್ಟಿಕ್ಕಿನಲ್ಲಿ ಉಜ್ಜಾಟವೇ ಇಲ್ಲ. ಸ್ಟಿಕ್ಕಿಗೆ ಅಯಸ್ಕಾಂತ, ಅದರಿಂದ ದೂರದಲ್ಲಿ ಸೆನ್ಸರ್. ಎರಡೂ ಮುಟ್ಟುವುದಿಲ್ಲ, ಹಾಗಾಗಿ ಆ ಜಾಗ ಸವೆಯುವುದಿಲ್ಲ. ಟಿಎಂಆರ್ ಅನ್ನೋದೂ ಇದೇ ಜಾತಿ, ಇನ್ನೂ ಸೂಕ್ಷ್ಮ. ಆದರೆ ಸ್ಪ್ರಿಂಗ್ ಸಡಿಲವಾಗೋದು, ಬಟನ್ ಸವೆಯೋದು ಇದರಿಂದ ನಿಲ್ಲಲ್ಲ. ‘ಜೀವನಪರ್ಯಂತ’ ಅಂತ ಮಾರುವವರನ್ನು ನಂಬಬೇಡಿ. ಅಂದಹಾಗೆ ನಿಂಟೆಂಡೊ 64ರ ಸ್ಟಿಕ್ಕಿನದು ಬೇರೆಯೇ ರೋಗ. ಅದರೊಳಗೆ ಬೆಳಕಿನಿಂದ ಎಣಿಸುವ ಸಣ್ಣ ಚಕ್ರಗಳಿದ್ದವು, ಪ್ಲಾಸ್ಟಿಕ್ ಭಾಗಗಳು ಒಂದಕ್ಕೊಂದು ತೀಡಿ ಬಿಳಿ ಪುಡಿಯಾಗುತ್ತಿದ್ದವು. ಲಿಂಕ್ ತಾನಾಗಿ ನಡೆಯುತ್ತಿರಲಿಲ್ಲ, ಸ್ಟಿಕ್ಕೇ ಕತ್ತು ಬಗ್ಗಿಸಿ ಮಲಗುತ್ತಿತ್ತು.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್, ಟಿವಿಯಲ್ಲಿ ಸ್ವಿಚ್. ಓಕೆ ಒತ್ತಲು ಹೋಗಿ ದಿನಾ ಕ್ಯಾನ್ಸಲ್ ಒತ್ತುತ್ತೇನೆ. ಎಲ್ಲರೂ ಸೇರಿ ಒಂದೇ ಥರ ಯಾಕೆ ಮಾಡಲ್ಲ?
– ಎ ಎಲ್ಲಿ, ಬಿ ಎಲ್ಲಿ

ಉತ್ತರ: ನಿಂಟೆಂಡೊ 1990ರ ಸೂಪರ್ ಫ್ಯಾಮಿಕಾಮ್ ಯಂತ್ರದಲ್ಲೇ ಎ ಬಟನನ್ನು ಬಲಕ್ಕೆ, ಬಿಯನ್ನು ಕೆಳಕ್ಕೆ ಇಟ್ಟಿತ್ತು, ಸ್ವಿಚ್‌ನಲ್ಲೂ ಹಾಗೇ. 2001ರಲ್ಲಿ ಬಂದ ಎಕ್ಸ್‌ಬಾಕ್ಸ್ ಎ ಕೆಳಗೆ, ಬಿ ಬಲಕ್ಕೆ ಇಟ್ಟಿತು. ಪ್ಲೇಸ್ಟೇಷನ್ ಕಥೆ ಇನ್ನೂ ಚೆನ್ನಾಗಿದೆ: ಜಪಾನಿನಲ್ಲಿ ವೃತ್ತ ಅಂದರೆ ಓಕೆ, ಹೊರಗಡೆ ಇಂಟು ಗುರುತು ಅಂದರೆ ಓಕೆ. ಒಂದೇ ಕಂಪನಿ, ಎರಡು ನ್ಯಾಯ. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನಿನವರಿಗೂ ಇಂಟು ಗುರುತೇ ಆಯ್ತು.

ನೀವು ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲೇ ಬಟನ್ ಅದಲು ಬದಲು ಮಾಡಬಹುದು, 2020ರಿಂದ ಈ ಸೌಲಭ್ಯ ಇದೆ. ಆದರೆ ಆಟಕ್ಕೆ ಇದು ಗೊತ್ತಾಗುವುದಿಲ್ಲ, ತೆರೆಯ ಮೇಲೆ ಹಳೇ ಬಟನ್ ಹೆಸರೇ ಬರುತ್ತದೆ. ಬ್ರೆತ್ ಆಫ್ ದಿ ವೈಲ್ಡ್ ಆಡುವುದಾದರೆ ಅದರೊಳಗಿನ ಆಯ್ಕೆಯನ್ನೂ ನೋಡಿ. ಮಾಮೂಲಿಯಾಗಿ ಎಕ್ಸ್ ಒತ್ತಿದರೆ ಜಿಗಿತ, ಬಿ ಒತ್ತಿದರೆ ಓಟ. ಜಿಗಿಯುವ ಬಟನ್ ಬದಲಿಸಿದರೆ ಬಿ ಜಿಗಿತಕ್ಕೆ ಬರುತ್ತದೆ, ಬೇರೆ ಆಟಗಳಲ್ಲಿ ಕೆಳಗಿನ ಬಟನ್ನಿಂದ ಜಿಗಿದು ರೂಢಿಯಾದವರಿಗೆ ಇದು ವರ.

ಪ್ರಶ್ನೆ: ಮೊದಲ ಜೆಲ್ಡಾದಲ್ಲಿ ಕಂಟ್ರೋಲರ್‌ಗೆ ಕೂಗಿ ಶತ್ರುವನ್ನು ಕೊಲ್ಲಬಹುದಿತ್ತಂತೆ. ಮಾವ ಹೇಳಿದ್ದು. ಬುರುಡೆ ಅಲ್ವಾ?
– ಮಾವನ ಅಳಿಯ

ಉತ್ತರ: ಮಾವನ ಮಾತು ನಿಜ. ಜಪಾನಿನಲ್ಲಿ ನಿಂಟೆಂಡೊ ಮಾರುತ್ತಿದ್ದ ಫ್ಯಾಮಿಕಾಮ್ ಯಂತ್ರದ ಎರಡನೇ ಕಂಟ್ರೋಲರಿನಲ್ಲಿ ಪುಟ್ಟ ಮೈಕ್ ಇತ್ತು. ಪೋಲ್ಸ್ ವಾಯ್ಸ್ ಅಂತ ಮೊಲದ ಕಿವಿಯ ಶತ್ರು, ಮೈಕಿಗೆ ಕೂಗಿದರೆ ಸಾಯುತ್ತಿತ್ತು. 1987ರಲ್ಲಿ ಆಟ ಅಮೆರಿಕಕ್ಕೆ ಹೋಯಿತು, ಅಲ್ಲಿನ ಕಂಟ್ರೋಲರಿನಲ್ಲಿ ಮೈಕ್ ಇರಲಿಲ್ಲ. ಅದಕ್ಕೆ ಬಾಣದಿಂದ ಸಾಯುವ ಹಾಗೆ ಮಾಡಿದರು. ಆದರೆ ಜೊತೆಗೆ ಕೊಟ್ಟ ಪುಸ್ತಿಕೆಯಲ್ಲಿ ‘ಇದಕ್ಕೆ ಜೋರು ಶಬ್ದ ಆಗದು’ ಅನ್ನೋ ಸುಳಿವು ಹಾಗೇ ಉಳಿಯಿತು. ಪಾಪ, ಮಕ್ಕಳು ಆಟದೊಳಗಿನ ಕೊಳಲು ಊದಿ ಊದಿ ಸುಸ್ತಾದರು.

ಪ್ರಶ್ನೆ: ನನ್ನ ತಂಗಿಗೆ ಎಡಗೈ ಅಷ್ಟಾಗಿ ಓಡಾಡುವುದಿಲ್ಲ. ನಾನು ಆಡುವುದನ್ನು ಪಕ್ಕದಲ್ಲಿ ಕೂತು ನೋಡುತ್ತಾಳೆ. ಅವಳೂ ಆಡೋ ಹಾಗೆ ಏನಾದರೂ ಮಾಡಬಹುದಾ?
– ಅಕ್ಕ

ಉತ್ತರ: ಖಂಡಿತ. ಸುಲಭದ ದಾರಿ ನಿಮ್ಮ ಕೈಯಲ್ಲೇ ಇದೆ: ಸ್ವಿಚ್‌ನ ಜಾಯ್-ಕಾನ್ ಕಂಟ್ರೋಲರ್ ಎರಡು ತುಂಡು. ಎಡದ್ದು ನೀವು ಹಿಡೀರಿ, ಬಲದ್ದು ಅವಳಿಗೆ ಕೊಡಿ. ನಡೆಯೋದು ನೀವು, ಕತ್ತಿ ಬೀಸೋದು, ಜಿಗಿಯೋದು, ಬಿಲ್ಲಿಗೆ ಗುರಿ ಇಡೋದು ಅವಳು. ಮೊದಲ ದಿನ ಇಬ್ಬರೂ ಸೇರಿ ಲಿಂಕನ್ನು ಹೊಳೆಗೆ ತಳ್ತೀರಿ, ಆಮೇಲೆ ಸರಿಹೋಗುತ್ತದೆ.

ಅವಳೊಬ್ಬಳೇ ಆಡಬೇಕು ಅಂದರೆ, ಮಡಚುವ, ಎರಡು ತೆರೆಯ ಹಳೇ ನಿಂಟೆಂಡೊ ಡಿಎಸ್ ಸಿಕ್ಕರೆ 2007ರ ‘ಫ್ಯಾಂಟಮ್ ಅವರ್‌ಗ್ಲಾಸ್’ ಕೊಡಿ. ಅದರಲ್ಲಿ ನಡೆಯೋದು, ಹೊಡೆಯೋದು ಎಲ್ಲ ಕಡ್ಡಿಯಿಂದ ತೆರೆ ಮುಟ್ಟಿಯೇ. ಮೇಜಿನ ಮೇಲಿಟ್ಟರೆ ಒಂದು ಕೈ ಸಾಕು. ಒಂದು ಕಡೆ ಮೇಲಿನ ನಕ್ಷೆಯ ಗುರುತನ್ನು ಕೆಳಗಿನ ನಕ್ಷೆಗೆ ಒತ್ತಬೇಕು ಅಂತ ಹೇಳುತ್ತದೆ, ಎಲ್ಲಿ ಮುಟ್ಟಿದರೂ ಏನೂ ಆಗಲ್ಲ. ಡಿಎಸ್ಸನ್ನೇ ಮುಚ್ಚಿ ತೆಗೀಬೇಕು! ಇದನ್ನು ಅವಳಿಗೆ ಮೊದಲೇ ಹೇಳಬೇಡಿ, ಸ್ವಲ್ಪ ಒದ್ದಾಡಲಿ. ದೊಡ್ಡ ಬಟನ್‌ಗಳನ್ನು ಬೇಕಾದ ಹಾಗೆ ಜೋಡಿಸಿಕೊಳ್ಳುವ ಕಂಟ್ರೋಲರ್ ಬೇಕಿದ್ದರೆ ಸ್ವಿಚ್‌ಗೆ ಹೋರಿ ಕಂಪನಿಯ ಫ್ಲೆಕ್ಸ್ ಇದೆ.

ಪ್ರಶ್ನೆ: ಓಕರೀನಾದ ನೀರಿನ ಡಂಜನ್ ಅಷ್ಟು ಕಷ್ಟವಾ, ಅಥವಾ ಹಳಬರು ಜಂಬ ಕೊಚ್ಚಿಕೊಳ್ತಾರಾ?
– ಈಜು ಬಾರದವನು

ಉತ್ತರ: ಒಗಟು ಅಷ್ಟು ಕಷ್ಟ ಇಲ್ಲ, ಬೂಟು ಕಷ್ಟ. ಮುಳುಗಲು ಕಬ್ಬಿಣದ ಬೂಟು ಹಾಕಬೇಕು, ತೇಲಲು ಬಿಚ್ಚಬೇಕು, ಪ್ರತಿ ಸಲ ಆಟ ನಿಲ್ಲಿಸಿ ಮೆನು ತೆಗೆದು ಹುಡುಕಬೇಕು. ಡಿಎಸ್ ನಂತರದ 3ಡಿಎಸ್ ಯಂತ್ರಕ್ಕೆ 2011ರಲ್ಲಿ ಬಂದ ಆವೃತ್ತಿಯಲ್ಲಿ ಬೂಟನ್ನು ಒಂದೇ ಸಲಕ್ಕೆ ಒತ್ತುವ ಹಾಗೆ ಮಾಡಿದರು. ಅದೇ ನೀರು, ಅದೇ ಬೀಗ, ಬೈಗುಳ ಮಾತ್ರ ಕಡಿಮೆಯಾಯ್ತು.

ಪ್ರಶ್ನೆ: ಗೇಮ್‌ಕ್ಯೂಬ್ ಕಂಟ್ರೋಲರಿಗಿಂತ ಒಳ್ಳೇದು ಇನ್ನೂ ಹುಟ್ಟಿಲ್ಲ, ‘ವಿಂಡ್ ವೇಕರ್’ಗಿಂತ ಚೆಂದದ ಜೆಲ್ಡಾ ಇಲ್ಲ. ಒಪ್ತೀರಾ?
– ದೋಣಿಯವನು

ಉತ್ತರ: ಎರಡನೆಯದನ್ನು ಮುಕ್ಕಾಲು ಒಪ್ಪುತ್ತೇನೆ. 2000ದಲ್ಲಿ ನಿಂಟೆಂಡೊ ನಿಜದಂತೆ ಕಾಣುವ ಕತ್ತಿಕಾಳಗದ ತುಣುಕು ತೋರಿಸಿ, ಆಮೇಲೆ 2002ರಲ್ಲಿ ದೊಡ್ಡ ಕಣ್ಣಿನ ಕಾರ್ಟೂನ್ ಹುಡುಗನನ್ನು ತಂದಾಗ ಜನ ಕೆಂಡವಾಗಿದ್ದರು. ಆಗ ‘ನಿಜದಂತೆ’ ಕಾಣುತ್ತಿದ್ದ ಬೇರೆ ಆಟಗಳನ್ನು ಈಗ ನೋಡಿ, ಮುಖಗಳೆಲ್ಲ ಮಣ್ಣಿನ ಮುದ್ದೆ. ವಿಂಡ್ ವೇಕರ್ ಹಾಗೇ ಇದೆ. ಸಮುದ್ರಯಾನ ಮಾತ್ರ ಉದ್ದ ಆಯ್ತು, ಕೊನೆಯ ಹೊತ್ತಿಗೆ ಟ್ರೈಫೋರ್ಸ್ ಅನ್ನೋ ಮಾಯಾವಸ್ತುವಿನ ತುಂಡು ಹುಡುಕಿಸುವುದಂತೂ ಸುಮ್ನೆ ಎಳೆದಿದ್ದು.

ಕಂಟ್ರೋಲರ್ ವಿಷಯ: ದೊಡ್ಡ ಹಸಿರು ಎ ಬಟನ್ ನಡುವಲ್ಲಿಟ್ಟು ಉಳಿದವನ್ನು ಅದರ ಸುತ್ತ ಬೇರೆ ಬೇರೆ ಆಕಾರದಲ್ಲಿ ಇಟ್ಟಿದ್ದು ಬುದ್ಧಿವಂತಿಕೆ, ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತಾಗುತ್ತದೆ. ಆದರೆ ದಿಕ್ಕು ಒತ್ತುವ ಡಿ-ಪ್ಯಾಡ್ ತೀರಾ ಪುಟ್ಟದು, ಜೆಡ್ ಬಟನ್ ಒಂದೇ ಕಡೆ. 2025ರಲ್ಲಿ ಸ್ವಿಚ್ 2ರ ಜೊತೆ ಅದೇ ಆಕಾರದಲ್ಲಿ, ವೈರಿಲ್ಲದೆ ಮತ್ತೆ ಬಂದಿದೆ, ವಿಂಡ್ ವೇಕರ್ ಕೂಡ ಬಂದಿದೆ. ನಿಮಗೆ ಹಬ್ಬ.

ಪ್ರಶ್ನೆ: ಒಳ್ಳೆ ಪ್ರೊ ಕಂಟ್ರೋಲರ್ ಇಲ್ಲದವರು ನಿಜವಾದ ಜೆಲ್ಡಾ ಅಭಿಮಾನಿಗಳೇ ಅಲ್ಲ ಅನ್ನುವವರಿಗೆ ಏನು ಹೇಳಬೇಕು?
– ಡಬ್ಬಿಯಲ್ಲಿ ಬಂದದ್ದರಲ್ಲೇ ಆಡುವವಳು

ಉತ್ತರ: ಏನೂ ಹೇಳಬೇಡಿ. ಎರಡನೇ ಕಂಟ್ರೋಲರ್ ಕೈಗೆ ಕೊಟ್ಟು ‘ನೀನೂ ಆಡು’ ಅನ್ನಿ. ಒಬ್ಬರೇ ಆಡುವ ಆಟ ಅದು ಅಂತ ಅವರಿಗೆ ಹೊಳೆಯುವಷ್ಟರಲ್ಲಿ ನೀವು ಒಂದು ಡಂಜನ್ ಮುಗಿಸಿರುತ್ತೀರಿ.